ಬಚ್ಚಲಲ್ಲೊಂದು ಪರಾತ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕಟ್ಟಿದವರು ಗಂಡಸರೇ ಇರಬೇಕು. ಹೆಂಗಸರು ಕಟ್ಟಿದ್ದರೆ ‘ಬಚ್ಚಲು ರಿಪೇರಿ ಮಾಡಿಸಿ ನೋಡು’ ಎಂಬುದನ್ನೂ ಅದಕ್ಕೆ ಸೇರಿಸುತ್ತಿದ್ದರು. ಮದುವೆಯ ಗದ್ದಲ ಎರಡು ದಿನದ್ದು. ಮನೆ ಕಟ್ಟುವಾಗ ಇರಲಿಕ್ಕೆ ಬೇರೊಂದು ಮನೆಯಾದರೂ ಇರುತ್ತದೆ. ಬಚ್ಚಲನ್ನು ಒಡೆದು ಹಾಕಿದರೆ ಮರುದಿನ ಬೆಳಿಗ್ಗೆ ಐದು ಗಂಟೆಗೇ ಮನೆಮಂದಿಗೆಲ್ಲ ಅದರ ಬೆಲೆ ಗೊತ್ತಾಗುತ್ತದೆ. ಗಂಡಸರು ಹಿತ್ತಲಿನ ನಲ್ಲಿಯ ಕೆಳಗೆ ಕುಳಿತು ‘ಹರ ಹರ’ ಎಂದು ಎರಡು ಬಕೆಟ್ ಸುರಿದುಕೊಂಡು ಏಳುತ್ತಾರೆ. ನಾವೇನು ಮಾಡಬೇಕು, ಹೇಳಿ?

ನಮ್ಮದು ಕದರಮಂಡಲಗಿಯಲ್ಲಿ ಮಾವನವರ ಕಾಲದ ಮನೆ. ಕಾಂತೇಶಪ್ಪನ ಊರು ಎಂದರೆ ನಮ್ಮ ಹಾವೇರಿ ಸೀಮೆಯವರಿಗೆ ಬೇರೆ ಗುರುತು ಬೇಕಾಗಿಲ್ಲ. ಇಲ್ಲಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರು ಹನುಮಪ್ಪಗಳ ದರ್ಶನವನ್ನು ಒಂದೇ ದಿನ, ಹೊತ್ತು ಮುಳುಗುವುದರೊಳಗೆ ಮುಗಿಸಿದರೆ ಬಹಳ ಪುಣ್ಯ ಎಂಬ ನಂಬಿಕೆ ಇದೆ. ಶ್ರಾವಣದ ಶನಿವಾರ ಬಂತೆಂದರೆ ರಾಣೆಬೆನ್ನೂರು, ಹರಿಹರ, ಹುಬ್ಬಳ್ಳಿಯ ನೆಂಟರು ಶುಕ್ರವಾರ ರಾತ್ರಿಯೇ ಬಂದು ನಮ್ಮಲ್ಲಿ ಮಲಗುತ್ತಾರೆ. ನಸುಕಿನ ನಾಲ್ಕು ಗಂಟೆಗೆ ಜಳಕದ ಸರದಿ ಸುರುವಾಗುತ್ತದೆ. ಪುಣ್ಯ ಅವರದು, ನೀರು ಕಾಯಿಸುವುದು ನಮ್ಮದು. ಹೀಗಾಗಿ ನಮ್ಮ ಮನೆಯಲ್ಲಿ ದೇವರ ಕೋಣೆಗಿಂತ ಬಚ್ಚಲಿಗೇ ಭಕ್ತರು ಹೆಚ್ಚು.

ಹಳೆಯ ಬಚ್ಚಲನ್ನು ನೀವೂ ನಿಮ್ಮ ಅಜ್ಜಿಯ ಮನೆಯಲ್ಲಿ ನೋಡಿರುತ್ತೀರಿ. ಮೂಲೆಯಲ್ಲಿ ನೀರೊಲೆ, ಅದರ ಮೇಲೆ ಕೂರಿಸಿದ ತಾಮ್ರದ ಹಂಡೆ, ಮುಂದೆ ಹಾಸಿದ ದೊಡ್ಡ ಬಚ್ಚಲಗಲ್ಲು, ಅದರ ತುದಿಗೆ ಹಿತ್ತಲಿಗೆ ನೀರು ಬಿಡುವ ತೂತು, ತೂತಿನಾಚೆ ಕೆಸುವು, ಬಾಳೆ. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹೂವು ಸುತ್ತಿದರೆ ಬಚ್ಚಲೇ ಗುಡಿಯಂತೆ ಕಾಣುತ್ತಿತ್ತು. ಅದನ್ನು ಒಡೆಯುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಆ ಬಚ್ಚಲಿಗೆ ಮೂಲೆಯೇ ಇರಲಿಲ್ಲ. ಗೋಡೆ ಬಂದು ನೆಲಕ್ಕೆ ಕೂಡುವ ಕಡೆಯಲ್ಲೆಲ್ಲ ಸುಣ್ಣದ ಗಚ್ಚನ್ನು ಅಂಗೈಯ ಕುಳಿಯಂತೆ ಒಳಬಾಗಿಸಿ ಮೆತ್ತಿದ್ದರು. ಸುಣ್ಣ, ಮರಳು, ಇಟ್ಟಂಗಿ ಪುಡಿಯನ್ನು ಕೂಡಿಸಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿ ಮಾಡುತ್ತಿದ್ದ ಗಚ್ಚು ಅದು. ಸಿಮೆಂಟಿನಷ್ಟು ಬಿರುಸಲ್ಲ. ಗೋಡೆ ಕೂದಲೆಳೆಯಷ್ಟು ಸರಿದರೆ ಗಚ್ಚೂ ಅದರ ಸಂಗಡ ಒಂದಿಷ್ಟು ಸರಿಯುತ್ತದೆ. ಎಳೆಯಂಥ ಬಿರುಕು ಬಿಟ್ಟರೂ ನೀರಿನಲ್ಲಿ ಕರಗಿದ ಸುಣ್ಣ ಅಲ್ಲೇ ಮತ್ತೆ ಕೂತು ಬಿರುಕನ್ನು ಮುಚ್ಚುತ್ತದೆ. ಗೌಂಡಿಯ ಹುಡುಗರು ಅದನ್ನು ಕಿತ್ತುಹಾಕಲು ಎರಡು ದಿನ ಬೆವರು ಸುರಿಸಿದರು.

ಕಿತ್ತುಹಾಕುವ ಪ್ರಸಂಗ ಬಂದದ್ದು ಕಲ್ಲಿನ ಸಲುವಾಗಿ. 2023ರ ಮಳೆಗಾಲದಲ್ಲಿ ನಮ್ಮ ಅತ್ತೆ ಆ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದರು. 82ರ ವಯಸ್ಸು. ಸೊಂಟದ ಎಲುಬು ಮುರಿದು ಆಪರೇಶನ್ ಆಯಿತು. ವಾಕರ್ ಹಿಡಿದು ನಾಲ್ಕು ಹೆಜ್ಜೆ ನಡೆಯುವಂತಾದರೂ ಬಚ್ಚಲಿಗೆ ಒಬ್ಬರನ್ನೇ ಬಿಡುವ ಧೈರ್ಯ ಯಾರಿಗೂ ಇರಲಿಲ್ಲ. ಆರು ತಿಂಗಳು ನಾನೇ ಜಳಕ ಮಾಡಿಸಿದೆ. ಶಾಲೆಗೆ ಹೋಗುವ ಮೊದಲು, ಗಡಿಯಾರ ನೋಡುತ್ತ, ನನ್ನ ಸೀರೆ ತೊಯ್ಯದಂತೆ ಎತ್ತಿ ಕಟ್ಟಿ.

ಅತ್ತೆ ಅಂದರೆ ನಮ್ಮ ಓಣಿಯ ಕೂಸುಗಳಿಗೆಲ್ಲ ಎರೆದ ಕೈಯವರು. ನನ್ನ ಎರಡೂ ಮಕ್ಕಳನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿ ತಿಕ್ಕಿ, ಹದ ನೋಡಿ ನೀರು ಹಾಕಿದವರು. ಅಂಥವರು ಈಗ ಕಲ್ಲಿನಂತೆ ಕುಳಿತು, ಕಣ್ಣು ಮುಚ್ಚಿಕೊಂಡು, ನಾನು ಹಾಕಿದ ನೀರನ್ನು ಹಾಕಿಸಿಕೊಳ್ಳುತ್ತಿದ್ದರು. ಒಂದು ದಿನ ತಲೆ ಒರೆಸುತ್ತಿದ್ದಾಗ ಹೇಳಿಯೇಬಿಟ್ಟರು.

“ನೀರು ನಾನ ಹಾಕ್ಕೊಂಡರ ಅದು ಜಳಕ, ತಂಗಿ. ಮಂದಿ ಹಾಕಿದರ ಹೆಣಾ ತೊಳದಂಗ.”

ಆ ‘ಮಂದಿ’ ನಾನು. ಸಿಟ್ಟು ಬಂತೋ ಅಳು ಬಂತೋ ಆಗ ತಿಳಿಯಲಿಲ್ಲ. ಆ ದಿನ ಒಂಬತ್ತನೆಯ ತರಗತಿಯವರಿಗೆ ವಿನಾಕಾರಣ ಬೈಗಳು ಬಿದ್ದವು.

ಬೆಂಗಳೂರಿನಲ್ಲಿರುವ ಮಗ ಉಪಾಯ ಹುಡುಕಿದ. ಶವರ್ ಟ್ರೇ ಎಂಬ ಒಂದು ವಸ್ತುವನ್ನು ಲಾರಿಗೆ ಹಾಕಿಸಿ ಕಳಿಸಿದ. ಮೂರಡಿ ಚೌಕದ, ಹಾಲಿನಂತೆ ಬೆಳ್ಳಗಿನ, ಅಕ್ರಿಲಿಕ್ಕಿನ ತಟ್ಟೆ. ಎರಡೇ ಇಂಚಿನ ಅಂಚು. ಕಾಲು ಜಾರದಂತೆ ಒಳಗೆಲ್ಲ ಸಣ್ಣ ಸಣ್ಣ ಏಣು, ಒಂದು ಬದಿಗೆ ನೀರು ಹೋಗುವ ತೂತು. ಒಳಗೊಂದು ಪ್ಲಾಸ್ಟಿಕ್ ಸ್ಟೂಲು, ಗೋಡೆಗೊಂದು ಹಿಡಿಕೆ ಇಟ್ಟರೆ ಅಜ್ಜಿ ತಾನೇ ಕುಳಿತು ಜಳಕ ಮಾಡಬಹುದೆಂದು ಅವನ ಲೆಕ್ಕ. ಅತ್ತೆ ಅದನ್ನು ಸುತ್ತ ಹಾಯ್ದು ನೋಡಿದರು.

“ಇದೇನ ತಂದೀರಿ? ಪರಾತ! ಮದಿವಿ ಮನಿ ಹಿಟ್ಟು ನಾದಬಹುದು ಇದರಾಗ.”

ಅಂದಿನಿಂದ ಅದರ ಹೆಸರು ಪರಾತ ಎಂದೇ ಆಯಿತು.

ನಮ್ಮೂರ ಗೌಂಡಿ ಕೆಲಸದಲ್ಲಿ ಜಾಣ. ಆದರೆ ಇಂಥ ಪರಾತವನ್ನು ಅವನು ಕಂಡದ್ದು ಅದೇ ಮೊದಲು. ಹಳೆಯ ಕಲ್ಲೆತ್ತಿ, ಕೊಳವೆ ಹಾಕಿ, ವಾಸನೆ ಮೇಲೆ ಬಾರದಂತೆ ನೀರು ನಿಲ್ಲುವ ನಹಾನಿ ಟ್ರ್ಯಾಪ್ ಕೂರಿಸಿದ. ಗೋಡೆಗೆ ಟೈಲ್ಸ್ ಹಚ್ಚಿದ. ಕಡೆಗೆ ರಸಮಟ್ಟ ಇಟ್ಟು ನೋಡಿ, ಪರಾತದ ಹೊಟ್ಟೆಯ ಕೆಳಗೆ ಟೊಳ್ಳು ಉಳಿಯದಂತೆ ಮಾಲು ತುಂಬಿ ಕೂರಿಸಿದ. ಅದು ಮಾತ್ರ ಬಹಳ ಅಚ್ಚುಕಟ್ಟಿನ ಕೆಲಸ. ಕೆಳಗೆ ಟೊಳ್ಳಿದ್ದರೆ ಹತ್ತಿ ಇಳಿದಾಗಲೆಲ್ಲ ತಟ್ಟೆ ಬಾಗಿ ಏಳುತ್ತದೆ, ಅಂಚಿಗೆ ಏನು ಮೆತ್ತಿದರೂ ನಿಲ್ಲುವುದಿಲ್ಲ.

ತೊಡಕು ಇದ್ದದ್ದು ಮೂಲೆಯಲ್ಲಿ. ಕಾರ್ಖಾನೆಯಲ್ಲಿ ಹುಟ್ಟಿದ ಪರಾತಕ್ಕೆ ನಾಲ್ಕು ಮೂಲೆಯೂ ಸರಿಯಾಗಿ 90 ಡಿಗ್ರಿ. ಒಂದೂವರೆ ಅಡಿ ದಪ್ಪದ ನಮ್ಮ ಮಣ್ಣಿನ ಗೋಡೆಗಳು ಮೂಲೆಮಟ್ಟದ ಮುಖವನ್ನೇ ಕಂಡವಲ್ಲ. ಪರಾತವನ್ನು ಮೂಲೆಗೆ ಒತ್ತಿ ಇಟ್ಟರೆ ಒಂದು ತುದಿಯಲ್ಲಿ ಕಾಗದವೂ ಹೋಗದು. ಇನ್ನೊಂದು ತುದಿಯಲ್ಲಿ ಹೆಬ್ಬೆರಳು ಸಲೀಸಾಗಿ ಇಳಿಯುತ್ತಿತ್ತು.

“ಚಿಂತಿ ಬ್ಯಾಡ್ರಿ ಅಕ್ಕೋರ. ಬಿಳಿ ಸಿಮಿಂಟ್ ಹೊಡದ ಬಿಟ್ಟರ ಏನೂ ಗೊತ್ತಾಗಂಗಿಲ್ಲ” ಎಂದ ಗೌಂಡಿ.

ಈ ‘ಗೊತ್ತಾಗಂಗಿಲ್ಲ’ ಎಂಬ ಮಾತಿನ ಮೇಲೆಯೇ ನಮ್ಮ ದೇಶದ ಅರ್ಧ ಕಟ್ಟಡಗಳು ನಿಂತಿವೆ ಎಂದು ನನ್ನ ಗುಮಾನಿ. ಕಣ್ಣಿಗೆ ಗೊತ್ತಾಗದಿದ್ದರೂ ನೀರಿಗೆ ಗೊತ್ತಾಗುತ್ತದಲ್ಲ! ನಾನು ಶಾಲೆಯಿಂದ ಬರುವುದರೊಳಗೆ ಅವನು ಸಂದಿಗಳನ್ನೆಲ್ಲ ತುಂಬಿ, ಬಟ್ಟೆಯಿಂದ ಒರೆಸಿ, ಕೈತೊಳೆದುಕೊಂಡು ಚಹಾ ಕುಡಿಯುತ್ತ ಕುಳಿತಿದ್ದ. ಸುಳ್ಳೇಕೆ ಹೇಳಲಿ, ನೋಡಲಿಕ್ಕೆ ಬಹಳ ಚೆಂದವಿತ್ತು.

ಹನ್ನೆರಡನೆಯ ದಿನ ಗೆರೆ ಕಂಡಿತು. ಬಿಳಿ ಸಿಮೆಂಟು ಮತ್ತು ಪರಾತದ ಅಂಚಿನ ನಡುವೆ ಪೆನ್ಸಿಲಿನಿಂದ ಎಳೆದಂಥ ಒಂದು ಗೆರೆ. ಜಳಕವಾಗಿ ಎರಡು ತಾಸಿಗೆ ಬಚ್ಚಲೆಲ್ಲ ಒಣಗುತ್ತಿತ್ತು, ಈ ಗೆರೆ ಮಾತ್ರ ಸಂಜೆಯತನಕ ಹಸಿಯಾಗಿಯೇ ಇರುತ್ತಿತ್ತು. ತಲೆಯಿಂದ ಹೇರ್‌ಪಿನ್ ತೆಗೆದು ತುದಿಯನ್ನು ಚುಚ್ಚಿ ನೋಡಿದೆ. ಪಿನ್ನು ಅರ್ಧದವರೆಗೆ ಒಳಗೆ ಹೋಯಿತು.

ಬೇರೆ ಗೋಡೆಯಾಗಿದ್ದರೆ ನಾನು ಇಷ್ಟೊಂದು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದು ಪಾಲಿನ ಗೋಡೆ. ಮಾವನವರು ತೀರಿಕೊಂಡ ಮೇಲೆ ಮನೆ ಎರಡಾಗಿ, ನಡುಮನೆಯ ಆ ಬದಿ ಭಾವನವರಿಗೆ, ಈ ಬದಿ ನಮಗೆ ಬಂತು. ಜಗಳವೇನೂ ಇಲ್ಲ. ಹಬ್ಬಕ್ಕೆ ಹೋಳಿಗೆ ಹೋಗುತ್ತದೆ, ಕಡುಬು ಬರುತ್ತದೆ. ಆದರೆ ಬಚ್ಚಲು ನಮ್ಮ ಪಾಲಿಗೆ ಬಂದದ್ದರಿಂದ ಹಂಡೆಯೂ ನಮ್ಮ ಕಡೆಗೇ ಉಳಿಯಿತು. ಹಿರಿಯ ಸೊಸೆಯಾಗಿ ಇಪ್ಪತ್ತು ವರ್ಷ ಆ ಹಂಡೆಯನ್ನು ಬೆಳಗಿದ ನಮ್ಮ ನೆಗೆಣ್ಣಿ ಅದನ್ನು ಮರೆತಿರಲಿಲ್ಲ. ಮರೆಯಬೇಕೆಂದು ಹೇಳಲು ನನಗೂ ಬಾಯಿಲ್ಲ.

ಆ ಗೋಡೆಯ ಆಚೆ ಭಾವನವರ ಮೆಣಸಿನಕಾಯಿ ಚೀಲಗಳಿದ್ದವು. ಬ್ಯಾಡಗಿ ಮಾರುಕಟ್ಟೆಯ ವ್ಯಾಪಾರ ಸೋಮವಾರ ಮತ್ತು ಗುರುವಾರ. 2024ರ ಮಾರ್ಚ್ 11ರ ಸೋಮವಾರ ದರ ಒಮ್ಮೆಲೇ ಕುಸಿಯಿತೆಂದು ರೈತರು ಸಿಟ್ಟಿಗೆದ್ದು, ಕಲ್ಲು ತೂರಾಟವಾಗಿ, ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ನೀವೂ ಪತ್ರಿಕೆಗಳಲ್ಲಿ ಓದಿರಬಹುದು. ಭಾವನವರು ಅಂದು ಅರ್ಧ ದಾರಿಯಿಂದಲೇ ಟ್ರ್ಯಾಕ್ಟರ್ ತಿರುಗಿಸಿಕೊಂಡು ಬಂದರು. ‘ದರ ಏರಲಿ, ನೋಡೋಣ’ ಎಂದು 22 ಚೀಲಗಳನ್ನು ಆ ಕೋಣೆಯಲ್ಲಿ ಗೋಡೆಗೆ ಒತ್ತಿ ಒಟ್ಟಿದರು. ಒಂದು ವರ್ಷದ ದುಡಿಮೆ, ಸೊಸೈಟಿಯ ಸಾಲ, ಮೊಮ್ಮಗಳ ಕಾಲೇಜಿನ ಫೀ, ಎಲ್ಲ ಆ ಚೀಲಗಳಲ್ಲಿ.

ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದು ಖಾರದಿಂದಲ್ಲ, ಬಣ್ಣದಿಂದ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅದರಿಂದ ತೆಗೆದ ಕೆಂಪು, ಪೇಟೆಯ ಹೆಂಗಸರ ತುಟಿಯ ರಂಗಿಗೂ ಹೋಗುತ್ತದೆ. ಆದರೆ ಅದಕ್ಕೆ ತೇವ ಎಂದರೆ ಆಗದು. ತೇವಾಂಶ ಶೇಕಡಾ 10ರ ಆಸುಪಾಸಿಗೆ ಬರುವವರೆಗೆ ಕಣದಲ್ಲಿ ಒಣಗಿಸಿದ ಕಾಯಿ ತಣ್ಣನೆಯ ಗೋಡೆಗೆ ತಾಗಿ ಥಂಡಿ ಹಿಡಿದರೆ ಒಳಗಿಂದಲೇ ಬೂಸು ಬೆಳೆಯುತ್ತದೆ, ಬಣ್ಣ ಕಪ್ಪಿಡುತ್ತದೆ. ಮಾರುಕಟ್ಟೆಯಲ್ಲಿ ಹಿಡಿ ತೆಗೆದು ನೋಡಿದವನು ಮುಂದಿನ ರಾಶಿಗೆ ಹೋಗಿಬಿಡುತ್ತಾನೆ.

ಆ ಸಂಜೆಯೇ ಅವರ ಮನೆಗೆ ಹೋದೆ. “ಅಕ್ಕಾ, ನಮ್ಮ ಬಚ್ಚಲ ಸಂದಿ ಬಿಟ್ಟೈತ್ರಿ. ಚೀಲ ಒಂದೀಟು ಗೋಡಿ ಬಿಟ್ಟು ಸರಿಸಿದರ ಚಲೋ ಆಕ್ಕೈತಿ” ಎಂದೆ.

ಅಕ್ಕ ಸೊಪ್ಪು ಸೋಸುತ್ತಿದ್ದರು. ತಲೆ ಎತ್ತಲಿಲ್ಲ. “ಹಂಡೆ ನಿಮ್ಮ ಕಡೆ, ನೀರಷ್ಟ ನಮ್ಮ ಕಡೆ ಏನು?” ಎಂದರು.

ಹನ್ನೆರಡು ವರ್ಷ ಕಾದು ಕುಳಿತ ಮಾತು ಅದು. ನಾನು ಸುಮ್ಮನೆ ನಿಂತೆ. ಭಾವನವರೇ ಎದ್ದು, ಇಟ್ಟಂಗಿಯ ಮೇಲೆ ಹಲಗೆ ಹಾಕಿ, ಚೀಲಗಳನ್ನು ಗೋಡೆಯಿಂದ ಒಂದು ಗೇಣು ದೂರ ಒಟ್ಟಿದರು. ನನ್ನ ಯಜಮಾನರು ಹೋಗಿ ಕೈಗೂಡಿಸಿದರು. ಗೋಡೆ ಮುಟ್ಟಿ ನೋಡಿದೆವು. ಇನ್ನೂ ಥಂಡಿ ಏರಿರಲಿಲ್ಲ.

ಮರುದಿನ ಶಾಲೆಯಲ್ಲಿ ವಿಜ್ಞಾನದ ಟೀಚರಿಗೆ ಇದನ್ನೆಲ್ಲ ಹೇಳಿಕೊಂಡೆ. ಅವರು ನನಗಿಂತ ಹದಿನೈದು ವರ್ಷ ಚಿಕ್ಕವರು, ಹಳೆಯ ಪ್ರಶ್ನೆಪತ್ರಿಕೆಯ ಬೆನ್ನ ಮೇಲೆ ಬರೆದು ತೋರಿಸಿದರು. ಒಂದು ಮೀಟರ್ ಉದ್ದದ ಅಕ್ರಿಲಿಕ್, 30 ಡಿಗ್ರಿಯಷ್ಟು ಬಿಸಿ ಏರಿದರೆ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ. ಅದೇ ಬಿಸಿಗೆ ಸಿಮೆಂಟು ಕಾಂಕ್ರೀಟು ಹಿಗ್ಗುವುದು ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು. ಬಿಸಿನೀರು ಬಿದ್ದಾಗಲೆಲ್ಲ ಪರಾತ ಮೈ ಚಾಚುತ್ತದೆ, ಆರಿದ ಮೇಲೆ ಮುದುಡುತ್ತದೆ. ಗೋಡೆ ತನ್ನ ಪಾಡಿಗೆ ತಾನಿರುತ್ತದೆ. ನಡುವೆ ಸಿಕ್ಕ ಬಿಳಿ ಸಿಮೆಂಟು ಎಂದರೆ ಸಾದಾ ಸಿಮೆಂಟಿನ ತಂಗಿಯೇ. ಕಬ್ಬಿಣದ ಅಂಶ ಕಡಿಮೆಯಾದ್ದರಿಂದ ಬಣ್ಣ ಬೆಳ್ಳಗೆ, ಅಷ್ಟೆ. ಗಟ್ಟಿಯಾದ ಮೇಲೆ ಎಳೆದರೆ ಹಿಗ್ಗುವ ಗುಣ ಅದಕ್ಕಿಲ್ಲ. ಆದ್ದರಿಂದ ಒಂದು ಕಡೆ ಬಿಟ್ಟುಕೊಡುತ್ತದೆ.

ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಾ ಹಾಕುವುದನ್ನು ನಾವು ಚಿಕ್ಕವರಿದ್ದಾಗ ಕಮ್ಮಾರಸಾಲೆಯ ಮುಂದೆ ನಿಂತು ನೋಡುತ್ತಿದ್ದೆವು. ಕುಳ್ಳು ಉರಿಸಿ ಪಟ್ಟಾ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ ನೀರು ಸುರಿದರೆ ಚುಂಯ್ ಎಂದು ಮುದುಡಿ ಕಚ್ಚಿಕೊಳ್ಳುತ್ತಿತ್ತು. ಬ್ಯಾಡಗಿ ಸ್ಟೇಶನ್ನಿನಲ್ಲಿ ಹಳಿ ಮತ್ತು ಹಳಿಯ ನಡುವೆ ಬಿಟ್ಟ ಬೆರಳಿನಷ್ಟು ಸಂದಿಯನ್ನೂ ನೋಡಿದ್ದೆವು. ಈಗ ಹಳಿಗಳನ್ನು ಬೆಸೆದು ಬಹು ಉದ್ದ ಮಾಡಿದ್ದಾರೆ, ಆ ಟಕ್ ಟಕ್ ಸದ್ದೂ ಕಡಿಮೆಯಾಯಿತು. ಇಷ್ಟೆಲ್ಲ ಗೊತ್ತಿದ್ದ ನಮ್ಮ ಕಡೆಯ ಜನಕ್ಕೆ ಬಚ್ಚಲಿಗೆ ಬಂದಾಗ ಮಾತ್ರ ಬಿಳಿ ಸಿಮೆಂಟೇ ಏಕೆ ಬೇಕೋ!

ನಮ್ಮ ಮನೆಗೆ ಇನ್ನೂ ಒಂದು ಕಾರಣವಿತ್ತು. ಅಡಿಪಾಯದ ಅರ್ಧ ಎರೆ ಮಣ್ಣಿನ ಮೇಲಿದೆ. ಎರೆ ಹೊಲ ಬೇಸಗೆಯಲ್ಲಿ ಬಾಯಿ ಬಿಡುವುದನ್ನು, ಮಳೆ ಬಿದ್ದರೆ ಉಬ್ಬುವುದನ್ನು ಈ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಅದರ ಮೇಲೆ ನಿಂತ ಮನೆಯೂ ವರ್ಷಕ್ಕೊಮ್ಮೆ ಉಸಿರು ಎಳೆದು ಬಿಡುತ್ತದೆ. ಸಾಲದ್ದಕ್ಕೆ ನಾವು ಜಳಕ ಮಾಡುವ ರೀತಿ. ಈ ಟ್ರೇಗಳು ತಲೆಯ ಮೇಲಿಂದ ಸೋನೆಯಂತೆ ಸುರಿಯುವ ನೀರಿಗೆಂದು ಮಾಡಿದವು. ನಮ್ಮ ಅತ್ತೆಗೆ ತಂಬಿಗೆಯೇ ಬೇಕು. ಒಂದೊಂದು ತಂಬಿಗೆಯೂ ಹೆಗಲಿಗೆ ಬಿದ್ದು, ಅಲ್ಲಿಂದ ಸಿಡಿದು, ನೇರ ಮೂಲೆಗೇ ಹೋಗಿ ಅಪ್ಪಳಿಸುತ್ತದೆ.

ಇದಕ್ಕೆ ಮದ್ದು ಸಿಲಿಕೋನ್. ಗಾಜಿನ ಕಿಟಕಿಯ ಅಂಚಿಗೆ ಹಚ್ಚಿರುತ್ತಾರಲ್ಲ, ರಬ್ಬರಿನಂಥದು, ಅದೇ. ಕೊಳವೆಯಲ್ಲಿ ಬರುತ್ತದೆ, ಬಂದೂಕಿನಂಥ ಸಾಧನಕ್ಕೆ ಸಿಕ್ಕಿಸಿ ಒತ್ತಬೇಕು. ಯಜಮಾನರು ಬ್ಯಾಡಗಿಯಿಂದ ಒಂದು ತಂದರು. ಮುಚ್ಚಳ ತೆಗೆದೊಡನೆ ಮನೆಯೆಲ್ಲ ಹುಳಿ ವಾಸನೆ. “ಯಾರು ಉಪ್ಪಿನಕಾಯಿ ಕೆಡಿಸಿದರಿ?” ಎಂದು ಅತ್ತೆ ಒಳಗಿನಿಂದ ಕೇಳಿದರು. ಆ ಹುಳಿ ಜಾತಿಯದು ಗಾಜಿಗೆ ಸರಿ, ಸಿಮೆಂಟು ತಾಗುವಲ್ಲಿ ಗಟ್ಟಿಯಾಗಿ ಹಿಡಿಯುವುದಿಲ್ಲ, ಹುಳಿ ವಾಸನೆಯಿಲ್ಲದ ನ್ಯೂಟ್ರಲ್ ಎಂಬುದನ್ನು, ಅದರಲ್ಲೂ ಬೂಸು ಹಿಡಿಯದಂತೆ ಬಚ್ಚಲಿಗೆಂದೇ ಮಾಡಿದ್ದನ್ನು ತರಿಸಿ ಎಂದು ಟೀಚರ್ ಹೇಳಿದರು. ಅದು ರಾಣೆಬೆನ್ನೂರಿನಲ್ಲಿ ಸಿಕ್ಕಿತು.

ಗೌಂಡಿಗೆ ಮುಖ ಸಣ್ಣದಾಯಿತು. “ಮೂವತ್ತು ವರ್ಸದಿಂದ ಕರಣಿ ಹಿಡದೀನ್ರಿ ಅಕ್ಕೋರ” ಎಂದ. ಹಿಡಿದಿದ್ದಾನೆ, ನಿಜ. ನಾನೂ ಅಷ್ಟೇ ವರ್ಷದಿಂದ ಸುಣ್ಣದ ಕಡ್ಡಿ ಹಿಡಿದಿದ್ದೇನೆ. ಕೂಲಿ ಪೂರ್ತಿ ಕೊಡುತ್ತೇನೆ, ನಾನು ಹೇಳಿದಂತೆ ಮಾಡು ಎಂದೆ.

ಮೊದಲು ಬಿಳಿ ಸಿಮೆಂಟನ್ನೆಲ್ಲ ಗರಗಸದ ತುಂಡಿನಿಂದ ಕೆರೆದು ತೆಗೆದದ್ದಾಯಿತು. ಆಮೇಲೆ ಮೂರು ದಿನ ಬಚ್ಚಲು ಬೆಂಡಿನಂತೆ ಒಣಗಬೇಕು. ಹಸಿ ಅಂಚಿಗೆ ಸಿಲಿಕೋನ್ ಅಂಟುವುದಿಲ್ಲ. ಹಚ್ಚಿದ ಮೇಲೆ ಮತ್ತೊಂದು ದಿನ ನೀರು ತಾಗಿಸುವಂತಿಲ್ಲ. ಅತ್ತೆಯ ಜಳಕ? ಹಿತ್ತಲಿಗೆ ಮರೆ ಕಟ್ಟುವುದೋ, ಬಿಸಿನೀರಿನ ಬಟ್ಟೆಯಲ್ಲಿ ಮೈ ಒರೆಸುವುದೋ ಎಂದು ನಾವು ಮಾತಾಡುತ್ತಿರುವಾಗ ಅಕ್ಕ ಬಾಗಿಲಲ್ಲಿ ಬಂದು ನಿಂತರು.

“ಅತ್ತಿ ನಮ್ಮಲ್ಲೇ ಜಳಕಾ ಮಾಡ್ಲಿ. ನಾ ಏನ ಸತ್ತೀನಿ?”

ಪಾಲಾದ ಮೇಲೆ ಅತ್ತೆ ಆ ಮನೆಯಲ್ಲಿ ಎಷ್ಟೋ ಸಲ ಉಂಡಿದ್ದಾರೆ. ಜಳಕ ಮಾಡಿರಲಿಲ್ಲ. ನಾಲ್ಕು ದಿನ ಬೆಳಿಗ್ಗೆ ಅಕ್ಕನೇ ಬಂದು, ವಾಕರಿನ ಒಂದು ಬದಿ ಹಿಡಿದು ಕರೆದುಕೊಂಡು ಹೋದರು. ಒಳಗೆ ಏನು ಮಾತಾಡಿಕೊಂಡರೋ ನನಗೆ ತಿಳಿಯದು. ಮೂರನೆಯ ದಿನ ಅತ್ತೆ ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಸೀಗೆಪುಡಿಯ ವಾಸನೆ ಬೀರುತ್ತ ಬಂದರು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಅಷ್ಟು ಹೇಳಬಲ್ಲೆ.

ಇತ್ತ ಬಚ್ಚಲಿನಲ್ಲಿ, ಹೆಬ್ಬೆರಳು ಇಳಿಯುವಷ್ಟು ಅಗಲವಾಗಿದ್ದ ತುದಿಗೆ ಬರೀ ಸಿಲಿಕೋನ್ ಸುರಿದರೆ ಅದು ಜೋಲುತ್ತದೆ, ಕೊಳವೆ ಎಷ್ಟಿದ್ದರೂ ಸಾಲದು. ಆದ್ದರಿಂದ ಗೋಡೆಯ ಕಡೆಯಿಂದ ಟೈಲ್ಸಿನ ಸಣ್ಣ ಪಟ್ಟಿ ಕೊಯ್ದು ಮಾಲಿನಲ್ಲಿ ಕೂರಿಸಿ, ಉದ್ದಕ್ಕೂ ಒಂದೇ ಸಮ, ಪೆನ್ಸಿಲಿನ ದಪ್ಪದ ಸಂದಿ ಉಳಿಸಿಕೊಂಡೆವು. ಈ ಪಟ್ಟಿ ಕೊಯ್ಯುವುದರಲ್ಲಿ ಗೌಂಡಿಯ ಕೈ ನೋಡಬೇಕು. ಸೊಟ್ಟ ಗೋಡೆಗೆ ಸೊಟ್ಟದ್ದೇ ಪಟ್ಟಿ, ಒಂದು ತುದಿ ದಪ್ಪ, ಇನ್ನೊಂದು ತುದಿ ಚೂಪು. ಸಂದಿಯ ತಳಕ್ಕೆ ಸ್ಪಂಜಿನಂಥ ಹುರಿ ತುರುಕಿದೆವು. ಸಿಲಿಕೋನ್ ಎರಡೇ ಬದಿ ಹಿಡಿಯಬೇಕು, ತಳ ಹಿಡಿಯಬಾರದು. ಮೂರು ಕಡೆಯಿಂದ ಹಿಡಿದ ರಬ್ಬರು ಎಳೆದಾಗ ಹರಿಯುತ್ತದೆ. ಸಂದಿಯ ಎರಡೂ ಕಡೆ ಅಂಟುಪಟ್ಟಿ ಹಚ್ಚಿದ್ದಾಯಿತು.

ಎಲ್ಲಕ್ಕಿಂತ ಮುಖ್ಯವಾದದ್ದು, ತೂತಿಗೆ ಬಿರಡೆ ಜಡಿದು ಪರಾತಕ್ಕೆ ಎರಡು ಕೊಡ ನೀರು ತುಂಬಿಸಿದ್ದು. ಒಣಗಿಸಿದ ಬಚ್ಚಲಿಗೆ ಮತ್ತೆ ನೀರೇ ಎಂದು ಗೌಂಡಿ ನಕ್ಕ. ಅಂಚಿಗೆ ತಾಗದಂತೆ ತುಂಬಿಸಿದ ನೀರು ಅದು, ಭಾರಕ್ಕೆ. ಭಾರ ಬಿದ್ದಾಗ ಪರಾತ ಎಷ್ಟು ತಗ್ಗುತ್ತದೋ ಅಷ್ಟು ತಗ್ಗಿ, ಸಂದಿ ಎಷ್ಟು ಅಗಲವಾಗುತ್ತದೋ ಅಷ್ಟು ಅಗಲವಾಗಿರುವಾಗಲೇ ತುಂಬಿದರೆ, ನಾಳೆ ಅತ್ತೆ ಕುಳಿತಾಗ ಅದು ಎಳೆದು ಕಿತ್ತುಕೊಳ್ಳುವುದಿಲ್ಲ. ಹಚ್ಚಿದ್ದು ಗಟ್ಟಿಯಾಗುವವರೆಗೆ ಆ ನೀರು ಅಲ್ಲೇ ಇರಬೇಕು. ಸಿಮೆಂಟಿಗೆ ಕ್ಯೂರಿಂಗ್ ಎಂದರೆ ನೀರು ಹೊಡೆಯುವುದು. ಇದು ಮಾತ್ರ ಗಾಳಿಯ ತೇವ ಒಂದರಿಂದಲೇ ಗಟ್ಟಿಯಾಗುತ್ತದೆ.

ಬಂದೂಕು ಒತ್ತಿದ್ದು ಗೌಂಡಿ. ಸಮ ಮಾಡಿದ್ದು ನಾನು. ಅವನ ಬೆರಳು ಸಿಮೆಂಟಿಗೆ ಸಿಕ್ಕು ಉಪ್ಪುಕಾಗದದಂತಾಗಿತ್ತು. ಸಾಬೂನಿನ ನೀರಿನಲ್ಲಿ ಬೆರಳದ್ದಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಲ್ಲೂ ನಿಲ್ಲಿಸದೆ ಎಳೆದೆ. ಮೂವತ್ತು ನಾಗರಪಂಚಮಿಗಳಲ್ಲಿ ಕಡುಬಿನ ಅಂಚು ಒತ್ತಿದ ಬೆರಳು, ಬಳಸು ಬಂತು. ಎಳೆದಲ್ಲಿ ಅಂಗೈ ಕುಳಿಯಂಥ ಒಂದು ಸಣ್ಣ ಬಾಗು ಮೂಡಿತು, ಹಳೆಯ ಗಚ್ಚಿನ ಮೂಲೆಯ ಹಾಗೆ. ಕೆನೆ ಕಟ್ಟುವ ಮೊದಲೇ ಅಂಟುಪಟ್ಟಿ ಕಿತ್ತೆವು.

ಮರುದಿನ ಬಿರಡೆ ತೆಗೆದು ನೀರು ಬಿಟ್ಟೆವು. ಅದರ ಮರುದಿನ ಅತ್ತೆ ಒಳಗೆ ಹೋದರು. ಸ್ಟೂಲಿನ ಮೇಲೆ ಕೂರಿಸಿ, ಬಕೆಟ್ಟು ತಂಬಿಗೆ ಬಲಗೈಗೆ ಇಟ್ಟು, ನಾನು ಹೊರಗೆ ಬಂದು ಬಾಗಿಲು ಮುಂದೆ ಮಾಡಿದೆ. ಚಿಲಕ ಹಾಕಬಾರದೆಂದು ಮೊದಲೇ ಕರಾರಾಗಿತ್ತು. ಹೊರಗೆ ಒಗೆದ ಬಟ್ಟೆಯನ್ನೇ ಮತ್ತೆ ಹಿಂಡುತ್ತ ನಿಂತೆ. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ತಂಬಿಗೆ ಬಕೆಟ್ಟಿಗೆ ತಾಗಿದ ಸದ್ದು. ಮೊದಲನೆಯ ನೀರು. ಮತ್ತೆ ಮೌನ. ಎರಡನೆಯದು. ಮೂರನೆಯದರ ಹೊತ್ತಿಗೆ ಅತ್ತೆ ಏನೋ ಗುನುಗುತ್ತಿದ್ದರು. ಕೂಸಿಗೆ ಎರೆಯುವಾಗ ಅನ್ನುತ್ತಿದ್ದರಲ್ಲ, ಆ ದಾಟಿ. ಹದಿನಾಲ್ಕು ತಂಬಿಗೆ ಎಣಿಸಿದೆ. ಶಾಲೆಗೆ ಹೊತ್ತಾಯಿತು. ಆಗಲಿ ಬಿಡು ಎಂದುಕೊಂಡೆ.

ಗೋಡೆಯಾಚೆಗಿನ ಪರೀಕ್ಷೆ ಅಕ್ಕನದು. ಅವರು ಯಾರನ್ನೂ ಕೇಳದೆ ಒಂದು ಹಳೆಯ ದಿನಪತ್ರಿಕೆಯ ಹಾಳೆಯನ್ನು ಆ ಗೋಡೆಗೆ ಹೊಂದಿಸಿ ನಿಲ್ಲಿಸಿ, ಅದಕ್ಕೊಂದು ಹಲಗೆ ಆನಿಸಿಟ್ಟಿದ್ದರು. ದಿನಾ ಬೆಳಿಗ್ಗೆ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವುದು. ಒಣ ಕಾಗದವಾದರೆ ಹಪ್ಪಳದಂತೆ ಗರಗರ ಅನ್ನುತ್ತದೆ, ಥಂಡಿ ಹಿಡಿದರೆ ಸದ್ದಡಗುತ್ತದೆ. ಇದು ಯಾವ ಪಾಠದಲ್ಲೂ ಇಲ್ಲ, ವಿಜ್ಞಾನದ ಟೀಚರಿಗೂ ಹಿಡಿಸಿತು. ಇಪ್ಪತ್ತು ದಿನ ಹಾಳೆ ಗರಗರ ಅಂದಿತು. ರೋಹಿಣಿ ಮಳೆ ಬರುವ ಮೊದಲು ಭಾವನವರು ಚೀಲಗಳನ್ನು ಬ್ಯಾಡಗಿಯ ಶೀತಲಗೃಹಕ್ಕೆ ಸಾಗಿಸಿದರು. ಕಾಯಿ ಕೆಂಪಗೇ ಇತ್ತು. ದರದ ಮಾತು ಬೇರೆ, ಅದು ಬಚ್ಚಲಿಗೆ ಸಂಬಂಧಪಟ್ಟದ್ದಲ್ಲ.

ಸಿಲಿಕೋನ್ ಎಂದರೆ ಒಮ್ಮೆ ಹಚ್ಚಿ ಮರೆಯುವಂಥದಲ್ಲ. ಸಾಬೂನಿನ ಜಿಡ್ಡು ಕೂತಲ್ಲಿ ಕರಿ ಚುಕ್ಕೆ ಮೂಡುತ್ತವೆ, ವಾರಕ್ಕೊಮ್ಮೆ ಮೆತ್ತಗಿನ ಬಟ್ಟೆಯಲ್ಲಿ ಒರೆಸಬೇಕು. ಒರಟು ಬ್ರಶ್ ಹಾಕಿದರೆ ಅಂಚು ಏಳುತ್ತದೆ. ಕೆಲವು ವರ್ಷಕ್ಕೊಮ್ಮೆ ಕೊಯ್ದು ತೆಗೆದು ಹೊಸದಾಗಿ ಹಚ್ಚಬೇಕು. ನೀವು ಹಚ್ಚಿಸುವುದಾದರೆ ಹಳೆಯದರ ಮೇಲೇ ಹೊಸದನ್ನು ಬಳಿಯಲು ಬಿಡಬೇಡಿ, ಹಿಡಿಯುವುದಿಲ್ಲ.

ಆ ವರ್ಷದ ಶ್ರಾವಣದ ಶನಿವಾರ ಹದಿನಾರು ಜನ ನೆಂಟರು ಪರಾತದಲ್ಲಿ ಜಳಕ ಮಾಡಿ ಮೂರೂ ಹನುಮಪ್ಪಗಳನ್ನು ನೋಡಿಕೊಂಡು ಬಂದರು. ಹರಿಹರದ ಹಿರಿಯರೊಬ್ಬರು ಮೂಲೆಯನ್ನು ಬೆರಳಿನಿಂದ ಒತ್ತಿ ನೋಡಿ, ಇದೇನು ಮೆತ್ತಗಿದೆ, ಬಿಳಿ ಸಿಮೆಂಟ್ ಹಾಕಿಸಬಾರದಿತ್ತೇ ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಅವರಿಗೆ ಹಿಗ್ಗುವುದು, ಕುಗ್ಗುವುದು, ಎರಡು ಕೊಡ ನೀರು, ಎಲ್ಲವನ್ನೂ ಹೇಳಿ ಮುಗಿಸಿದರು. ಗೌಂಡಿಯೂ ಈಗ ಚೀಲದಲ್ಲಿ ಬಂದೂಕು ಇಟ್ಟುಕೊಂಡೇ ಕೆಲಸಕ್ಕೆ ಹೋಗುತ್ತಾನೆ. ಅಕ್ಕೋರ ಮನೆಯಲ್ಲಿ ತಾನೇ ಮೊದಲು ಹಚ್ಚಿದ್ದು ಎಂದು ಹೇಳುತ್ತಾನಂತೆ. ಅದೂ ಸುಳ್ಳಲ್ಲ.

ದೀಪಾವಳಿಯ ಮುಂಚೆ ಅಕ್ಕ ತಮ್ಮ ಅಡುಗೆಮನೆಯ ಸಿಂಕಿನ ಅಂಚು ಬಿಟ್ಟಿದೆ, ಕೊಳವೆಯಲ್ಲಿ ಏನಾದರೂ ಉಳಿದಿದೆಯೇ ಎಂದು ಕೇಳಿದರು. ಅರ್ಧ ಉಳಿದಿತ್ತು. ಗಾಳಿ ಹೋಗದಂತೆ ಮೂತಿಗೆ ಮೊಳೆ ಚುಚ್ಚಿ ಇಟ್ಟಿದ್ದೆ. ಮೊಳೆ ಎಳೆದರೆ ಬೆರಳುದ್ದದ ರಬ್ಬರು ಅದರ ಸಂಗಡವೇ ಬಂತು, ಬಂದೂಕು ಒತ್ತಿದರೆ ಒಂದು ಹನಿಯೂ ಬರಲಿಲ್ಲ. ಅಕ್ಕ ಅದನ್ನು ನನ್ನ ಕೈಯಿಂದ ಇಸಕೊಂಡು, ಈಳಿಗೆಯ ಮೇಲೆ ಬದನೆಕಾಯಿ ಸೀಳಿದಂತೆ ನಡುವೆ ಸೀಳಿದರು. ಹೊಟ್ಟೆಯ ಕಡೆ ಇನ್ನೂ ಮೆತ್ತಗೆ, ಬೆಣ್ಣೆಯಂತಿತ್ತು. ಸಿಂಕಿನ ಸುತ್ತ ಬಳಿದು, ಇನ್ನೂ ಒಂದಿಷ್ಟು ಉಳಿಯಿತು.